ತೊಟ್ಟಿಕ್ಕುವ ನಲ್ಲಿಯ ಪರವಾಗಿ

ಡಾಲಸ್‌ನ ಉತ್ತರಕ್ಕಿರುವ ನಮ್ಮ ಊರಿನಲ್ಲಿ ಜುಲೈ ಬಂತೆಂದರೆ ಜನ ಮನೆಯ ಬುನಾದಿಗೆ ನೀರುಣಿಸುತ್ತಾರೆ. ಗೋಡೆಯಿಂದ ಒಂದು ಮೊಳ ಆಚೆಗೆ, ಮನೆಯ ಸುತ್ತಲೂ ತೂತಿನ ರಬ್ಬರ್ ಪೈಪು ಹಾಸಿ, ಸಂಜೆ ಹೊತ್ತು ಸಣ್ಣಗೆ ನೀರು ಬಿಡುತ್ತಾರೆ. ಮನೆ ಕೊಂಡ ಹೊಸದರಲ್ಲಿ ಎದುರುಮನೆಯ ಅಜ್ಜ ಇದನ್ನು ಗಂಭೀರವಾಗಿ ಹೇಳಿಕೊಟ್ಟಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಅಂಗಳದ ಮೂಲೆಗೆ ಕರೆದೊಯ್ದು ನೆಲ ತೋರಿಸಿದರು. ಅಂಗೈ ತೂರುವಷ್ಟು ಅಗಲದ ಬಿರುಕು. ಬಗ್ಗಿ ಒಂದು ಹೆಂಟೆ ಎತ್ತಿಕೊಂಡೆ. ಕರೀ ಎರೆಮಣ್ಣು! ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ದಾರಿಯ ಎರಡೂ ಬದಿಗೆ ಕಾಣುವ ಅದೇ ಮಣ್ಣು. ಇಲ್ಲಿಯವರು ಇದನ್ನು ಬ್ಲ್ಯಾಕ್‌ಲ್ಯಾಂಡ್ ಎನ್ನುತ್ತಾರೆ. ಮನೆಗಳು ಏಳುವ ಮೊದಲು ಇಲ್ಲಿಯೂ ಹತ್ತಿಯನ್ನೇ ಬೆಳೆಯುತ್ತಿದ್ದರಂತೆ.

ನಾನು ಹೇಳಹೊರಟಿರುವ ಪೈಪಿನ ಕಥೆ ಈ ಮಣ್ಣಿನಿಂದಲೇ ಶುರುವಾಗುತ್ತದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅದರ ಮೇಲೆ ಒಂದು ಕಾಂಕ್ರೀಟ್ ಹಲಗೆ ಹಾಸಿ, ಹಲಗೆಯ ಮೇಲೆ ಕಟ್ಟಿಗೆಯ ಮನೆ ನಿಲ್ಲಿಸುವುದು ಇಲ್ಲಿಯ ಪದ್ಧತಿ. ನೀರಿನ ಪೈಪನ್ನು ಹಲಗೆಯ ಕೆಳಗೆ ಹೂತರೆ ಮಣ್ಣು ಏರಿ ಇಳಿದು ಅದನ್ನು ಎಳೆದಾಡುತ್ತದೆ. ಒಮ್ಮೆ ಒಡೆದರೆ ಮನೆಯ ನೆಲವನ್ನೇ ಅಗೆಯಬೇಕು. ಹೀಗಾಗಿ ಬಹಳಷ್ಟು ಮನೆಗಳಲ್ಲಿ ಪೈಪುಗಳನ್ನು ಮೇಲೆ, ಅಟ್ಟದಲ್ಲಿ ಹಾಯಿಸುತ್ತಾರೆ. ಈ ಅಟ್ಟವೆಂದರೆ ಚಾವಣಿಗೂ ಹೆಂಚಿಗೂ ನಡುವಿನ ಕತ್ತಲ ಜಾಗ. ಮನೆಯನ್ನು ಕಾಪಾಡುವ ಬೆಚ್ಚನೆಯ ಹತ್ತಿಯಂಥ ಹಾಸು ಚಾವಣಿಯ ಬೆನ್ನ ಮೇಲಿರುತ್ತದೆ, ಪೈಪು ಅದರ ಮೇಲೆ, ಹೊರಗಿನ ಗಾಳಿ ಆಡುವ ಕಡೆ. ಆಗಸ್ಟಿನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುತ್ತದೆ. ಕಟ್ಟಿದವರು ಬಿಸಿಲಿನ ಲೆಕ್ಕ ಮಾತ್ರ ಹಾಕಿದ್ದರು. ಎರೆಮಣ್ಣಿಗೆ ಹೆದರಿ ಅಟ್ಟ ಹತ್ತಿದ ಪೈಪು ಚಳಿಯ ಬಾಯಿಗೆ ಬಿತ್ತು.

ನಾನು ಬೆಳೆದ ಹುಬ್ಬಳ್ಳಿಯಲ್ಲಿ ಪೈಪು ಒಡೆಯುವುದಕ್ಕೆ ಬೇರೆ ಕಾರಣಗಳಿದ್ದವು. ರಸ್ತೆ ಅಗೆಯುವವರು, ಲಾರಿಯ ಗಾಲಿ, ತುಕ್ಕು. ನೀರು ಎಂಟು ಹತ್ತು ದಿನಕ್ಕೊಮ್ಮೆ ಬರುತ್ತಿತ್ತು, ಅದೂ ಯಾವ ಹೊತ್ತಿಗೆಂದು ಹೇಳುವಂತಿರಲಿಲ್ಲ. ಉದ್ದನೆಯ ಟಿ ಆಕಾರದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಸೈಕಲ್ ತುಳಿಯುತ್ತ ಬರುವ ವಾಲ್ವ್‌ಮನ್ ನಮ್ಮ ಓಣಿಗೆ ಜಿಲ್ಲಾಧಿಕಾರಿಗಿಂತ ದೊಡ್ಡವನು. ಅವನ ಮಗಳ ಮದುವೆಗೆ ಓಣಿಗೆ ಓಣಿಯೇ ಹೋಗಿತ್ತು. 2008ರಿಂದ ಊರಿನ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರತೊಡಗಿತು, ನಮ್ಮ ಓಣಿ ಮಾತ್ರ ಆ ನಕ್ಷೆಯ ಹೊರಗೆ ಉಳಿಯಿತು. ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದ ಹುಡುಗರು ಹುಬ್ಬಳ್ಳಿಗೆ ಬಂದು ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಶುರು ಮಾಡಿದರು. ವಾಲ್ವ್‌ಮನ್ ನೀರು ಬಿಡುವ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದರೆ ಅದು ಮನೆಮನೆಗೂ ಎಸ್ಸೆಮ್ಮೆಸ್ ಆಗಿ ಹೋಗುತ್ತಿತ್ತು. ಅವ್ವ ಫೋನು ನಂಬಿದವಳಲ್ಲ. ಮೊದಲು ಪೈಪಿನಲ್ಲಿ ಗಾಳಿ ಸುಂಯ್ ಎನ್ನುತ್ತದಲ್ಲ, ಆ ಸಪ್ಪಳಕ್ಕೆ ನಡುರಾತ್ರಿ ಎದ್ದು ಕೂಡುತ್ತಿದ್ದಳು.

ಅಂಥ ಮನೆಯಲ್ಲಿ ನಳ ತೊಟ್ಟಿಕ್ಕುವುದೆಂದರೆ ಲಕ್ಷ್ಮಿ ಹೊಸ್ತಿಲು ದಾಟಿ ಹೋದ ಹಾಗೆ ಎಂದು ಅವ್ವನ ನಂಬಿಕೆ. ಒಳಗಿನ ವಾಷರ್ ಸವೆದರೆ ಅಪ್ಪ ಸೈಕಲ್ ಟ್ಯೂಬು ಕತ್ತರಿಸಿ ಹೊಸದನ್ನು ಕೂಡಿಸುತ್ತಿದ್ದ. ಅಲ್ಲಿಯವರೆಗೂ ಬಟ್ಟೆ ಬಿಗಿದು ಕಟ್ಟಿ, ಕೆಳಗೆ ತಂಬಿಗೆ. ಬಿಗಿಯಾಗಿ ಬಂದ್ ಮಾಡುವುದು ನಮಗೆ ಸಂಸ್ಕಾರವಾಗಿಬಿಟ್ಟಿತ್ತು. ಬೇರೆಯವರ ಮನೆಗೆ ಊಟಕ್ಕೆ ಹೋದಾಗಲೂ ಅವರ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿಮಾಡಿ ಬರುವ ಚಟ ನನಗೆ ಈಗಲೂ ಇದೆ.

ಹೀಗಿರುವಾಗ, 2021ರ ಫೆಬ್ರುವರಿ ಎರಡನೆಯ ವಾರ, ಊರಿನ ನೀರು ಸರಬರಾಜಿನವರಿಂದ ಫೋನಿಗೆ ಸಂದೇಶ ಬಂತು. ಹೊರಗಿನ ನಲ್ಲಿಗಳಿಗೆ ಬಟ್ಟೆ ಸುತ್ತಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ರಾತ್ರಿ ಎಲ್ಲ ನಲ್ಲಿಗಳನ್ನೂ ತೊಟ್ಟಿಕ್ಕಲು ಬಿಡಿ. ಮೊದಲಿನ ಎರಡು ಸರಿ. ಮೂರನೆಯದಕ್ಕೆ ಕೈ ಬರಲೇ ಇಲ್ಲ. ನಮ್ಮನೆಯವರು ಮೈಸೂರಿನವರು, ಕಾವೇರಿ ನೀರು ಕುಡಿದು ಬೆಳೆದ ಉದಾರಿಗಳು. ಅವರೇ ಹೋಗಿ ಒಂದೊಂದಾಗಿ ಸಡಿಲಿಸಿ ಬಂದರು. ಹಾಸಿಗೆಯಲ್ಲಿ ಬಿದ್ದುಕೊಂಡು ಟಪ್, ಟಪ್ ಎಂಬ ಸದ್ದು ಕೇಳುತ್ತಿದ್ದರೆ ಮನೆಯಲ್ಲಿ ಯಾರೋ ದುಡ್ಡು ಎಣಿಸಿ ಹೊರಗೆಸೆಯುತ್ತಿದ್ದಾರೆ ಅನಿಸಿ ನಿದ್ದೆ ಹತ್ತಲಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳಿದರೆ, “ನಳಾ ಬಿಟ್ಟು ಮಲಗ್ರಿ ಅಂತ ಸರಕಾರನ ಹೇಳತೈತೇನು? ಎಂಥಾ ದೇಶಾನವಾ ಅದು!” ಎಂದಳು.

ನೀರು ಗಟ್ಟಿಯಾದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದರ ಬಲವೆಷ್ಟೆಂದು ತಿಳಿಯುವ ಹುಚ್ಚು ಹಳೆಯದು. 17ನೆಯ ಶತಮಾನದಲ್ಲಿ ಫ್ಲಾರೆನ್ಸಿನ ಅಕಾಡೆಮಿಯ ಪಂಡಿತರು ಲೋಹದ ಗೋಲಗಳಲ್ಲಿ ನೀರು ತುಂಬಿ, ಬಾಯಿ ಮುಚ್ಚಿ, ಹೆಪ್ಪುಗಟ್ಟಿಸಿ ಸೀಳಿ ನೋಡಿದ್ದರು. ನನಗೆ ಇಷ್ಟವಾದವನು ಬ್ರಿಟಿಷ್ ಫಿರಂಗಿ ದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್. 1784-85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಆತನಿಗೆ ಯುದ್ಧವಿರಲಿಲ್ಲ, ಚಳಿ ಬೇಕಾದಷ್ಟಿತ್ತು, ಖಾಲಿ ಬಾಂಬಿನ ಕಬ್ಬಿಣದ ಚಿಪ್ಪುಗಳೂ ಇದ್ದವು. ಚಿಪ್ಪಿನೊಳಗೆ ನೀರು ತುಂಬಿ, ಬಾಯಿಗೆ ಕಬ್ಬಿಣದ ಬಿರಡೆ ಜಡಿದು ಹೊರಗಿಟ್ಟ. ಒಂದು ಕಿಲೋಗೂ ಮೇಲ್ಪಟ್ಟ ತೂಕದ ಬಿರಡೆ 415 ಅಡಿ ದೂರ ಹೋಗಿ ಬಿತ್ತು. ಅದು ಹೊರಬರದಂತೆ ಭದ್ರ ಮಾಡಿದಾಗ ಚಿಪ್ಪೇ ನಡುವಿನಲ್ಲಿ ಸೀಳಿ, ಸೀಳಿನಿಂದ ಮಂಜುಗಡ್ಡೆಯ ರೆಕ್ಕೆ ಹೊರಚಾಚಿ ನಿಂತಿತು. ಸರಕಾರಿ ಸಂಬಳ ತಿಂದು ಇಷ್ಟು ಒಳ್ಳೆಯ ಕೆಲಸ ಮಾಡಿದವರು ಕಡಿಮೆ.

ಆದರೆ ಮೇಜರನ ಚಿಪ್ಪು ಮುಚ್ಚಿದ ಪಾತ್ರೆ. ಪೈಪಿಗೆ ಒಂದು ತುದಿಯಲ್ಲಿ ಊರ ನೀರು, ಇನ್ನೊಂದರಲ್ಲಿ ನಲ್ಲಿ. ಮಂಜುಗಡ್ಡೆ ಹಿಗ್ಗಿ ಪೈಪಿನ ಗೋಡೆಯನ್ನು ಒತ್ತಿ ಸೀಳುತ್ತದೆ ಎಂದೇ ಎಲ್ಲರ ತಿಳುವಳಿಕೆಯಾಗಿತ್ತು. 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕ ವಿಲಿಯಂ ರೋಸ್ ಮತ್ತು ಸಂಗಡಿಗರು ಬೇಕೆಂದೇ ಪೈಪುಗಳನ್ನು ಹೆಪ್ಪುಗಟ್ಟಿಸಿ ಒಳಗಿನ ತಾಪ, ಒತ್ತಡ ಅಳೆದರು. ನೀರು ಸೊನ್ನೆ ಮುಟ್ಟಿದ ಕೂಡಲೇ ಗಟ್ಟಿಯಾಗುವುದಿಲ್ಲ, ಅದಕ್ಕಿಂತ ಕೆಲವು ಡಿಗ್ರಿ ಕೆಳಗಿಳಿದರೂ ನೀರಾಗಿಯೇ ಇರಬಲ್ಲದು. ಆಮೇಲೆ ಒಮ್ಮೆಲೇ ತೆಳ್ಳನೆಯ ಎಳೆಗಳು ಮೂಡುತ್ತವೆ, ನಿಧಾನವಾಗಿ ಅವು ಬೆಳೆದು ಪೈಪಿಗೆ ಅಡ್ಡ ಬಿರಡೆಯಾಗುತ್ತವೆ. ಪೈಪು ಆಗಲೂ ಒಡೆಯುವುದಿಲ್ಲ. ಬಿರಡೆ ದಪ್ಪವಾಗುತ್ತ ಎರಡೂ ಕಡೆಯ ನೀರನ್ನು ನೂಕುತ್ತದೆ. ಬೀದಿಯ ಕಡೆಯ ನೀರು ಹಿಂದಕ್ಕೆ ಸರಿದು ಊರ ಕೊಳವೆ ಸೇರಿಕೊಳ್ಳುತ್ತದೆ. ನಲ್ಲಿಯ ಕಡೆಯ ನೀರಿಗೆ ಹೋಗಲು ಎಡೆಯಿಲ್ಲ. ಹಿಂದೆ ಗಡ್ಡೆ, ಮುಂದೆ ಬಿಗಿದ ನಲ್ಲಿ. ನೀರು ಕುಗ್ಗುವ ಜಾತಿಯಲ್ಲ. ಒತ್ತಡ ಏರುತ್ತ ಹೋಗಿ, ಗಡ್ಡೆಯೇ ಇಲ್ಲದ, ಬರೀ ನೀರಿರುವ ಯಾವುದೋ ದುರ್ಬಲ ಜಾಗದಲ್ಲಿ ಪೈಪು ಬಿಚ್ಚಿಕೊಳ್ಳುತ್ತದೆ.

ಅಂದರೆ ಪೈಪನ್ನು ಒಡೆಯುವುದರಲ್ಲಿ ಚಳಿಯದು ಅರ್ಧ ಪಾಲು, ಬಂದ್ ಮಾಡಿದ ನಲ್ಲಿಯದು ಇನ್ನರ್ಧ. ಹನಿ ಬಿಡುವುದರ ಗುಟ್ಟು ಇಲ್ಲಿದೆ. ಹರಿಯುವ ನೀರು ಗಟ್ಟಿಯಾಗುವುದು ತಡ ಎಂಬುದೂ ನಿಜ, ಆದರೆ ಆ ಸಣ್ಣ ಕಂಡಿಯ ದೊಡ್ಡ ಉಪಕಾರ ಒತ್ತಡಕ್ಕೆ ದಾರಿ ಕೊಡುವುದು. ಪೈಪು ಹೆಪ್ಪುಗಟ್ಟಿ ಹನಿ ನಿಂತುಹೋದರೂ ನಲ್ಲಿಯನ್ನು ತೆರೆದೇ ಇಟ್ಟರೆ ಪೈಪು ಉಳಿಯಬಹುದು. ಅವ್ವನ ಧರ್ಮಶಾಸ್ತ್ರ ಪೂರ್ತಿ ತಲೆಕೆಳಗಾಗುವ ಜಾಗವಿದು, ಅದನ್ನು ಒಪ್ಪಿಕೊಳ್ಳಲು ನನಗೆ ಭೌತಶಾಸ್ತ್ರದ ಸಾಕ್ಷಿಯೇ ಬೇಕಾಯಿತು.

14ರ ಭಾನುವಾರ ಹಿಮ ಬಿತ್ತು. ಮಕ್ಕಳು ಕುಣಿದವು. ಆ ರಾತ್ರಿ ಒಂದು ಗಂಟೆ ಕಳೆದ ಮೇಲೆ ಟೆಕ್ಸಸ್‌ನ ವಿದ್ಯುತ್ ಜಾಲ ನಡೆಸುವವರು ಊರೂರಿಗೆ ಕರೆಂಟು ಕಡಿತ ಮಾಡತೊಡಗಿದರು. ಇಡೀ ಜಾಲ ಕುಸಿದು ಬೀಳಲು 4 ನಿಮಿಷ 37 ಸೆಕೆಂಡು ಬಾಕಿಯಿತ್ತೆಂದು ಆಮೇಲೆ ಗೊತ್ತಾಯಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ, ಕಚೇರಿಗಳು ಕತ್ತಲಾದವು. ಅನಿಲದ ಬಾವಿಗಳು ಹೆಪ್ಪುಗಟ್ಟಿ ವಿದ್ಯುತ್ ಸ್ಥಾವರಗಳಿಗೆ ಅನಿಲವಿಲ್ಲ, ಕರೆಂಟಿಲ್ಲದೆ ಅನಿಲ ನೂಕುವ ಯಂತ್ರಗಳು ಓಡುವುದಿಲ್ಲ. 16ರ ಬೆಳಗ್ಗೆ ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ. 1949ರಿಂದೀಚೆಗೆ ಈ ಊರು ಅಷ್ಟು ಚಳಿ ಕಂಡಿರಲಿಲ್ಲ. ನಾನಿಲ್ಲಿ ಬರೆಯುತ್ತಿರುವುದು ಗೋಡೆ ನೆಂದ ಕಥೆ. ಆ ವಾರ ರಾಜ್ಯದ ಲೆಕ್ಕದಲ್ಲೇ 246 ಜನ ಸತ್ತರು, ಹೆಚ್ಚಿನವರು ಚಳಿಗೆ.

ಎಲ್ಲರೂ ಹನಿ ಬಿಟ್ಟರು, ಎಷ್ಟೋ ಮನೆಗಳಲ್ಲಿ ಪೈಪು ಒಡೆದು ಹರಿಯಿತು, ಪಂಪುಗಳಿಗೆ ಕರೆಂಟಿಲ್ಲ. ಊರೂರಿನ ನೀರಿನ ಒತ್ತಡ ಕುಸಿಯಿತು. ಹ್ಯೂಸ್ಟನ್‌ನಲ್ಲಿ ನಗರದವರು ಉಲ್ಟಾ ಹೇಳತೊಡಗಿದರು: ದಯವಿಟ್ಟು ಹನಿ ಬಿಡಬೇಡಿ, ಆಸ್ಪತ್ರೆಗೆ ನೀರು ಸಾಲುತ್ತಿಲ್ಲ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೀರು ಕುದಿಸಿ ಕುಡಿಯಬೇಕಾಯಿತು. ನಮ್ಮ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ವಾರ ರಾಜಕೀಯ ಬಂದ್. ಯಾರ ಮನೆಯಲ್ಲಿ ಕರೆಂಟಿದೆ, ಯಾರ ಮನೆಯಲ್ಲಿ ಗ್ಯಾಸಿನ ಒಲೆಯಿದೆ, ಕೈಮಗುವಿನವರನ್ನು ಎಲ್ಲಿಗೆ ಕಳಿಸುವುದು ಇವಿಷ್ಟೇ ಮಾತು. ನಮ್ಮದು ಗ್ಯಾಸಿನ ಒಲೆ, ಬೆಂಕಿಕಡ್ಡಿ ಗೀರಿ ಹಚ್ಚಬಹುದಿತ್ತು. ಹಿತ್ತಲಿನ ಹಿಮ ತಂದು ಕರಗಿಸಿ ಪಾಯಖಾನೆಗೆ ಸುರಿದೆವು. ದೊಡ್ಡ ಪಾತ್ರೆ ತುಂಬ ಹಿಮ ಒತ್ತಿ ತುಂಬಿದರೂ ಕರಗಿದ ಮೇಲೆ ತಳದಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ, ಅಷ್ಟೇ. ಹುಬ್ಬಳ್ಳಿಯಲ್ಲಿ ಬೆಳೆದದ್ದು ಮಾತ್ರ ಆಗ ಕೈಹಿಡಿಯಿತು. ಸಂದೇಶ ಬಂದ ದಿನವೇ ಸ್ನಾನದ ತೊಟ್ಟಿಯಿಂದ ಹಿಡಿದು ಪಾಯಸದ ಪಾತ್ರೆಯವರೆಗೆ ಎಲ್ಲದರಲ್ಲೂ ನೀರು ತುಂಬಿಟ್ಟಿದ್ದೆ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಪ್ಪುಗಟ್ಟಿದ ಪೈಪು ಒಡೆದರೂ ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಗಡ್ಡೆಯೇ ಬಿರಡೆಯಾಗಿ ನೀರನ್ನು ತಡೆದಿರುತ್ತದೆ. ವಾರದ ಕೊನೆಗೆ ಬಿಸಿಲು ಬಂತು, ಕರೆಂಟು ಬಂದು ಸ್ಥಿರವಾಯಿತು, ಎಲ್ಲರೂ ಉಸಿರು ಬಿಟ್ಟರು. ನಮ್ಮ ಸಾಲಿನ ಮನೆಗಳು ಸೋರತೊಡಗಿದ್ದು ಆಗ. ಮೊದಲು ಮೂಲೆಯ ಮನೆಯ ಗ್ಯಾರೇಜಿನ ಬಾಗಿಲ ಕೆಳಗಿನಿಂದ ನೀರು ರಸ್ತೆಗೆ ಹರಿದು ಬಂತು, ಅವರು ಊರಲ್ಲಿರಲಿಲ್ಲ. ನಾವು ಅದನ್ನು ನೋಡುತ್ತಿರುವಾಗಲೇ ನಮ್ಮ ಮಗ ಒಳಗಿನಿಂದ ಕೂಗಿದ. ಬಟ್ಟೆ ಒಗೆಯುವ ಕೋಣೆಯ ಚಾವಣಿ ತುಂಬಿದ ಕೆಚ್ಚಲಿನಂತೆ ಕೆಳಕ್ಕೆ ಜೋತುಬಿದ್ದಿತ್ತು. ನಮ್ಮನೆಯವರು ಸ್ಕ್ರೂಡ್ರೈವರ್‌ನಿಂದ ಅದಕ್ಕೊಂದು ತೂತು ಮಾಡಿ ಕೆಳಗೆ ಬಕೆಟ್ ಇಟ್ಟರು. ಹಾಗೆ ಮಾಡದಿದ್ದರೆ ಇಡೀ ಹಲಗೆ ತಲೆಯ ಮೇಲೆ ಬೀಳುತ್ತದೆ.

ನೀರು ನಿಲ್ಲಿಸುವ ಮುಖ್ಯ ವಾಲ್ವ್ ಇರುವುದು ಅಂಗಳದ ಅಂಚಿನಲ್ಲಿ, ಹುಲ್ಲಿನ ನಡುವೆ ಹೂತ ಮೀಟರ್ ಪೆಟ್ಟಿಗೆಯಲ್ಲಿ. ಅದನ್ನು ತಿರುಗಿಸಲು ಬೇಕಾದ ಸಾಮಾನು ಅಂಗಡಿಗಳಲ್ಲಿ ಎಂದೋ ಮುಗಿದಿತ್ತು. ಎದುರುಮನೆಯ ಅಜ್ಜ ಅದನ್ನು ಹೆಗಲ ಮೇಲಿಟ್ಟುಕೊಂಡು ಹಿಮದಲ್ಲಿ ನಿಧಾನವಾಗಿ ಹೆಜ್ಜೆ ಹಾಕುತ್ತ ಬಂದರು. ಉದ್ದನೆಯ, ಟಿ ಆಕಾರದ ಕಬ್ಬಿಣದ ಕೀಲಿ. ಮೂಲೆಮನೆಯದನ್ನು ಬಂದ್ ಮಾಡಿ, ನಮ್ಮದನ್ನು ಮಾಡಿ, ಆ ದಿನ ಸಂಜೆಯವರೆಗೂ ಸಾಲುಮನೆಗಳನ್ನೆಲ್ಲ ಸುತ್ತಿದರು. ಎಲ್ಲರೂ ಅವರಿಗೆ ಕಾಫಿ ಕೊಡಲು ನಿಂತಿದ್ದರು. ಇಂಥ ಮರ್ಯಾದೆಯನ್ನು ನಾನು ಮೊದಲೇ ನೋಡಿದ್ದೆನಾದ್ದರಿಂದ ಥರ್ಮಾಸಿನಲ್ಲಿ ಏಲಕ್ಕಿ ಚಹಾ ತುಂಬಿ ಅವರ ಕೈಯಲ್ಲೇ ಇಟ್ಟೆ.

ಪ್ಲಂಬರ್ ಸಿಗಲು ವಾರಗಳೇ ಬೇಕಾದವು. ಬೇರೆ ರಾಜ್ಯಗಳ ಪ್ಲಂಬರ್‌ಗಳೂ ಟೆಕ್ಸಸ್‌ನಲ್ಲಿ ಕೆಲಸ ಮಾಡಲೆಂದು ಸರಕಾರ ಲೈಸೆನ್ಸಿನ ನಿಯಮ ಸಡಿಲಿಸಿತ್ತು. ನಮ್ಮಲ್ಲಿಗೆ ಬಂದವನು ಸ್ಪ್ಯಾನಿಷ್ ಹಾಡು ಗುನುಗುತ್ತ ಅಟ್ಟ ಹತ್ತಿ, ಕತ್ತರಿಸಿದ ತಾಮ್ರದ ತುಂಡನ್ನು ಕೆಳಗೆ ತಂದು ನನ್ನ ಕೈಗಿಟ್ಟ. ಸೀಳು ಅಡ್ಡಕ್ಕಿರಲಿಲ್ಲ, ಉದ್ದಕ್ಕಿತ್ತು, ತುಟಿ ತೆರೆದುಕೊಂಡಿತ್ತು. ಕೊಳವೆಯೊಳಗೆ ಒತ್ತಡ ಏರಿದಾಗ ಸುತ್ತಳತೆಯ ಕಡೆಗಿನ ಎಳೆತ ಉದ್ದದ ಕಡೆಗಿನದಕ್ಕಿಂತ ಎರಡು ಪಟ್ಟಿರುತ್ತದೆ, ಅದಕ್ಕೇ ಪೈಪುಗಳು ಸಾಮಾನ್ಯವಾಗಿ ಹೀಗೆ ಬಿಚ್ಚಿಕೊಳ್ಳುವುದು. ನನಗೆ ಕುತೂಹಲವಿದ್ದದ್ದು ಜಾಗದ ಬಗ್ಗೆ. ಎಲ್ಲ ನಲ್ಲಿಗಳೂ ತೊಟ್ಟಿಕ್ಕುತ್ತಿದ್ದವಲ್ಲ? ಅವನು ಗೋಡೆಯತ್ತ ಕೈ ತೋರಿಸಿದ. ಸೀಳಿದ್ದು ವಾಷಿಂಗ್ ಮಷೀನಿಗೆ ಇಳಿಯುವ ಕವಲು. ಅದರ ತುದಿಗೆ ನಲ್ಲಿಯೇ ಇಲ್ಲ, ಮಷೀನಿನೊಳಗಿನ ವಾಲ್ವ್ ಇದೆ, ಮಷೀನು ನಿಂತಾಗ ಅದು ಸದಾ ಬಂದ್. ಗಡ್ಡೆ ಕಟ್ಟಿದ್ದು ಅಟ್ಟದ ಉತ್ತರದ ಅಂಚಿನಲ್ಲಿ, ಸೀಳಿದ್ದು ಅಲ್ಲಿಂದ ನಾಲ್ಕು ಮಾರು ಈಚೆಗೆ. ಇಲಿನಾಯ್‌ನವರು ಹೇಳಿದ್ದಕ್ಕೆ ನಮ್ಮ ಮನೆ ಒಂದು ಉದಾಹರಣೆಯಾಗಿ ನಿಂತಿತ್ತು. ವಿಜ್ಞಾನ ಹೀಗೆ ಮನೆಗೆ ಬಂದು ಪಾಠ ಹೇಳಿದಾಗ ಫೀಸು ಜಾಸ್ತಿ.

ಹೊಸದಾಗಿ ಹಾಕಿದ್ದು ಪೆಕ್ಸ್ ಪೈಪು. 1960ರ ದಶಕದಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ಪಾಲಿಥೀನಿನ ಎಳೆಗಳನ್ನು ಒಂದಕ್ಕೊಂದು ಹೆಣೆದು ಬಿಗಿಯುವ ಬಗೆ ಕಂಡುಹಿಡಿದ, ಅದರ ಸಂತತಿ ಇದು. ಒಳಗೆ ನೀರು ಗಟ್ಟಿಯಾದರೆ ಉಬ್ಬಿಕೊಂಡು, ಕರಗಿದ ಮೇಲೆ ಮತ್ತೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಪೂರ್ತಿ ನಂಬುವಂತಿಲ್ಲ, ಜೋಡಣೆಯ ಹಿತ್ತಾಳೆ ಬಿರಿಯಬಹುದು. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ. ಪ್ಲಂಬರ್ ಹೋಗುವ ಮೊದಲು ಅದೇ ಕೋಣೆಯಲ್ಲಿ ಒಂದು ಒಗೆಯುವ ತೊಟ್ಟಿ, ಮೇಲೊಂದು ನಲ್ಲಿ ಕೂಡಿಸಿಕೊಟ್ಟ. ಇನ್ನು ಆ ಕವಲೂ ತೊಟ್ಟಿಕ್ಕಬಹುದು.

ಇದೆಲ್ಲ ಚಳಿ ಗೊತ್ತಿಲ್ಲದ ನಾಡಿನ ಫಜೀತಿ, ಚಳಿನಾಡಿನವರು ಜಾಣರು ಎಂದುಕೊಂಡಿದ್ದೆ. ಹಾಗೇನಿಲ್ಲ. 1895ರ ಫೆಬ್ರುವರಿಯಲ್ಲಿ ಲಂಡನ್ನಿನ ಬೀದಿಗಳ ಕೆಳಗಿನ ಕೊಳವೆಗಳೇ ಹೆಪ್ಪುಗಟ್ಟಿ, ಜನ ಬೀದಿಯಲ್ಲಿ ನಿಲ್ಲಿಸಿದ ನಲ್ಲಿಗಳ ಮುಂದೆ ಕೊಡ ಹಿಡಿದು ಪಾಳಿ ಹಚ್ಚಿದ್ದರು. ಹಳೆಯ ಇಂಗ್ಲಿಷ್ ಮನೆಗಳಲ್ಲಿ ಪೈಪುಗಳನ್ನು ಹೊರಗೋಡೆಗೇ ಬಡಿಯುವುದು ಒಡೆದಾಗ ರಿಪೇರಿಗೆ ಅನುಕೂಲವಾಗಲೆಂದು, ಎಂದು ಅಲ್ಲಿಯವರೇ ನಗೆಯಾಡುತ್ತಾರೆ. ಕೆನಡಾದ ವಿನಿಪೆಗ್‌ನಲ್ಲಿ ಪೈಪನ್ನು ಆಳುದ್ದಕ್ಕಿಂತ ಆಳಕ್ಕೆ ಹೂಳುತ್ತಾರೆ. 2014ರಲ್ಲಿ ಚಳಿ ಅಲ್ಲಿಗೂ ಇಳಿಯಿತು. ಎರಡು ಸಾವಿರಕ್ಕೂ ಹೆಚ್ಚು ಮನೆಗಳ ನೀರು ನಿಂತಿತು. ಸಾವಿರಾರು ಮನೆಗಳವರಿಗೆ ಪೆನ್ಸಿಲಿನಷ್ಟು ದಪ್ಪದ ಧಾರೆಯನ್ನು ಹಗಲೂ ರಾತ್ರಿ ಬಿಟ್ಟೇ ಇಡಿ ಎಂದು ನಗರದವರು ಹೇಳಿಕಳಿಸಿದರು. ಹನಿಯಲ್ಲ, ಧಾರೆ! ಇದನ್ನು ನಾನು ಅವ್ವನಿಗೆ ಹೇಳಲು ಹೋಗಲಿಲ್ಲ.

2022ರ ಡಿಸೆಂಬರ್‌ನಲ್ಲಿ ಅವ್ವ ನಮ್ಮಲ್ಲಿಗೆ ಬಂದಿದ್ದಳು. 22ರಂದು ಮತ್ತೆ ಉತ್ತರದ ಗಾಳಿ ನುಗ್ಗಿತು, ರಾತ್ರಿ ಮೈನಸ್ ಹತ್ತಕ್ಕಿಂತ ಕೆಳಗೆ. ಕರೆಂಟು ಈ ಸಲ ಹೋಗಲಿಲ್ಲ. ಮಲಗುವ ಮೊದಲು ಎಲ್ಲ ನಲ್ಲಿಗಳನ್ನೂ, ಹೊಸ ತೊಟ್ಟಿಯದನ್ನೂ ಸೇರಿಸಿ, ಸಡಿಲಿಸಿ ಬಂದೆ. ನಡುರಾತ್ರಿ ಎಚ್ಚರವಾದಾಗ ಮನೆ ಮೌನವಾಗಿತ್ತು. ಎದ್ದು ನೋಡಿದರೆ ಅವ್ವ ಶಾಲು ಹೊದ್ದು ಅಡುಗೆಮನೆಯಲ್ಲಿ ನಿಂತಿದ್ದಾಳೆ.

“ಯಾರು ನಳಾ ಬಿಟ್ಟು ಮಲಗಿದವರು? ಎಲ್ಲಾ ಬಂದ್ ಮಾಡಿ ಬಂದೆ.”

ನಾನು ಗಡ್ಡೆ, ಒತ್ತಡ, ಚಾವಣಿ ಎಲ್ಲ ಹೇಳಿದೆ. ಮೇಜರನ ಬಿರಡೆಯನ್ನೂ ಬಿಡಲಿಲ್ಲ. ಅವ್ವ ಪೂರ್ತಿ ಕೇಳಿದಳು.

“ಪೈಪ್ ಒಡದರ ಮಾಡಾವ ಬರತಾನ. ಹರದು ಹ್ವಾದ ನೀರು ತಿರುಗಿ ಬರತಾವೇನು?”

“ಅವ್ವಾ, ಮಾಡಾವ ಹೋದ ಸಲ ಎಷ್ಟು ತಗೊಂಡ ಗೊತ್ತೈತೇನು?” ಎಂದು ಡಾಲರನ್ನು ರೂಪಾಯಿಗೆ ಕಟ್ಟಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಹಂಗಾರ ಬಿಡು. ಕೆಳಗ ಭಾಂಡೆ ಇಟ್ಟು ಬಿಡು.”

ಬೆಳಗ್ಗೆ ಎದ್ದಾಗ ಪಾತ್ರೆ, ಕುಕ್ಕರು, ಬಕೆಟ್ಟು, ಮಗ ಸಮುದ್ರತೀರಕ್ಕೆ ಒಯ್ಯುವ ಪ್ಲಾಸ್ಟಿಕ್ ಬುಟ್ಟಿ ಎಲ್ಲ ತುಂಬಿ ಸಾಲಾಗಿ ನಿಂತಿದ್ದವು. ಒಗೆಯುವ ಕೋಣೆಯಿಂದ ಕುಸುಬುವ ಸಪ್ಪಳ. ವಾಷಿಂಗ್ ಮಷೀನಿನ ಪಕ್ಕದಲ್ಲೇ ನಿಂತು, ರಾತ್ರಿಯಿಡೀ ತುಂಬಿದ ತೊಟ್ಟಿಯಲ್ಲಿ ಅವ್ವ ಮನೆಯ ಹಾಸಿಗೆಯ ಚಾದರಗಳನ್ನೆಲ್ಲ ಒಗೆದು ಹಿಂಡಿಟ್ಟಿದ್ದಳು. ನನ್ನನ್ನು ಕಂಡವಳೇ ಹೆಗಲ ಮೇಲೆ ಒಂದು ಚಾದರ ಹಾಕಿಕೊಂಡು ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

“ಬಿಸಲು ಚಲೋ ಬಿದ್ದೈತಿ. ಹಗ್ಗ ಎಲ್ಲಿ ಕಟ್ಟಲಿ?”